ಮೊದಲ ಮೆಸೇಜ್ ಕಳಿಸುವ ಮುಂಚೆ, ಕಳಿಸಿದ ಮೇಲೆ

ಇಷ್ಟವಾದವರಿಗೆ ಮೊದಲ ಸಲ ಮೆಸೇಜ್ ಮಾಡುವುದು ಯಾಕಿಷ್ಟು ಕಷ್ಟ ಅಂತ ನಾನು ತುಂಬಾ ಯೋಚನೆ ಮಾಡಿದ್ದೇನೆ. ನನಗೆ ಹೊಳೆದ ಕಾರಣ ಒಂದೇ. ನಮ್ಮ ತಲೆಯೊಳಗೆ ಆ ಮಾತುಕತೆ ಎಷ್ಟೋ ದಿನದಿಂದ ನಡೆಯುತ್ತಾ ಇರುತ್ತದೆ, ಅವರ ಕಡೆ ಅದು ಇನ್ನೂ ಶುರುವೇ ಆಗಿರುವುದಿಲ್ಲ. ನಾನು ಅವನ ಜೊತೆ ಮನಸ್ಸಿನಲ್ಲೇ ಹರಟೆ ಹೊಡೆದಿದ್ದೆ, ಮುನಿಸಿಕೊಂಡಿದ್ದೆ, ರಾಜಿಯೂ ಆಗಿದ್ದೆ. ಅವನಿಗೆ ನನ್ನ ಹೆಸರು ಸರಿಯಾಗಿ ನೆನಪಿದೆಯೋ ಇಲ್ಲವೋ ಅನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ. ಇಷ್ಟು ದೂರವನ್ನು ಒಂದು ಸಾಲಿನಲ್ಲಿ ದಾಟಬೇಕು ಅಂದರೆ ಬೆರಳು ನಿಲ್ಲುತ್ತದೆ, ಅಷ್ಟೇ.

ನಾನು ವಾರದ ಕೊನೆಗೆ ಓಡುವ ಒಂದು ಗುಂಪಿನಲ್ಲಿ ಇದ್ದೇನೆ. ಅವನೂ ಅಲ್ಲೇ ಬರುತ್ತಾನೆ. ಜೋರಾಗಿ ಓಡುವವರು ಬೇಗ ಮುಗಿಸಿ ಹೊರಟುಬಿಡುತ್ತಾರೆ. ಅವನೂ ಜೋರಾಗಿಯೇ ಓಡುತ್ತಾನೆ, ಆದರೆ ಎಲ್ಲರಿಗಿಂತ ಹಿಂದೆ ಇರುವವರು ಬಂದು ಮುಟ್ಟುವ ತನಕ ಹೊರಡುವುದಿಲ್ಲ. ಆ ಹಿಂದೆ ಇರುವವರಲ್ಲಿ ಶುರುವಿನಲ್ಲಿ ನಾನೂ ಒಬ್ಬಳು. ಕಾಯುತ್ತೇನೆ ಅಂತ ಹೇಳಿಕೊಳ್ಳುವುದೂ ಇಲ್ಲ, ಸುಮ್ನೆ ಶೂ ಲೇಸ್ ಬಿಚ್ಚಿ ಕಟ್ಟುತ್ತಾ ಅಲ್ಲೇ ಇರುತ್ತಾನೆ. ನನಗೆ ಇಷ್ಟವಾಗಿದ್ದು ಅದು. ಆಮೇಲೆ ನಗು, ದನಿ, ಬೇರೆ ಎಲ್ಲ.

ನಂಬರ್ ಹುಡುಕುವ ಕಷ್ಟ ನನಗೆ ಇರಲಿಲ್ಲ, ಗುಂಪಿನ ವಾಟ್ಸ್‌ಆ್ಯಪ್‌ನಲ್ಲೇ ಇತ್ತು. ಆದರೆ ನಿಜವಾದ ತೊಡಕು ಅಲ್ಲೇ ಇರುವುದು ಅಂತ ನನಗೆ ಅನ್ನಿಸುತ್ತದೆ, ಮತ್ತು ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಬ್ಬರ ನಂಬರ್ ಗುಂಪಿನಲ್ಲಿ ಕಾಣಿಸುತ್ತದೆ ಅಂದ ಮಾತ್ರಕ್ಕೆ ಅವರಿಗೆ ಬೇರೆಯಾಗಿ ಮೆಸೇಜ್ ಮಾಡಬಹುದು ಅಂತ ಅಲ್ಲ. ಗುಂಪಿನಿಂದ ನಂಬರ್ ತೆಗೆದುಕೊಂಡು "ಹಾಯ್", "ಮಲಗಿದ್ರಾ" ಅಂತ ಕಳಿಸುವವರ ಮೆಸೇಜ್ ನನಗೂ ಬಂದಿದೆ, ನನ್ನ ಗೆಳತಿಯರಿಗಂತೂ ಬರುತ್ತಲೇ ಇರುತ್ತದೆ. ಅದನ್ನು ನೋಡಿದಾಗ ಆಗುವ ಕಿರಿಕಿರಿ ನನಗೆ ಚೆನ್ನಾಗಿ ಗೊತ್ತು. ಹುಡುಗಿ ಕಳಿಸಿದರೆ ಅದು ಕಿರಿಕಿರಿ ಅಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ಹಾಗಾಗಿ ಮೊದಲು ಒಂದು ಮಾತು ಕೇಳಿಯೇ ಕಳಿಸಬೇಕು ಅಂತ ಗಟ್ಟಿ ಮಾಡಿಕೊಂಡೆ.

ಅವಕಾಶ ತಾನಾಗೇ ಬಂತು. ಅವನಿಗೆ ಮೊಣಕಾಲು ನೋವು ಶುರುವಾಗಿತ್ತು. ಓಟ ಮುಗಿಸಿ ಮೈ ಸಡಿಲ ಮಾಡಿಕೊಳ್ಳುವಾಗ ಅದರ ಮಾತು ಬಂತು. ನನಗೆ ಹಿಂದೆ ಇದೇ ನೋವು ಬಂದಿದ್ದಾಗ ಒಂದು ವ್ಯಾಯಾಮದ ವಿಡಿಯೋ ನೋಡಿ ಮಾಡುತ್ತಿದ್ದೆ. "ಆ ವಿಡಿಯೋ ಹುಡುಕಿ ಕಳಿಸಲಾ? ನಿಮ್ಮ ನಂಬರ್ ಗುಂಪಿನಲ್ಲಿದೆ" ಅಂದೆ. "ಓ, ಕಳಿಸಿ ಕಳಿಸಿ" ಅಂದ. ಇಷ್ಟೇ ಮಾತು. ಆದರೆ ಇದು ಆಗಿದ್ದರಿಂದ ಮುಂದಿನ ಭಾರ ಅರ್ಧ ಇಳಿಯಿತು. ಈಗ ನನ್ನ ಮೆಸೇಜ್ ಎಲ್ಲಿಂದಲೋ ಹಾರಿ ಬಂದು ಬೀಳುವುದಿಲ್ಲ, ಬರುತ್ತದೆ ಅಂತ ಅವನಿಗೆ ಗೊತ್ತಿರುತ್ತದೆ. ಎದುರಿಗೆ ಸಿಗುವ ಮನುಷ್ಯ ಆಗಿದ್ದರೆ ಈ ಹೆಜ್ಜೆಯನ್ನು ಯಾರೂ ಬಿಡಬಾರದು ಅಂತ ನಾನು ಹೇಳುತ್ತೇನೆ. ಎದುರಿಗೆ ಕೇಳುವುದಕ್ಕೆ ಬೇಕಾದ ಧೈರ್ಯ ಒಂದು ನಿಮಿಷದ್ದು. ಕೇಳದೆ ಕಳಿಸಿದರೆ ಇಡೀ ರಾತ್ರಿಗೆ ಆಗುವಷ್ಟು ಧೈರ್ಯ ಬೇಕು.

ಹಾಗಿದ್ದರೂ ಮನೆಗೆ ಬಂದ ಕೂಡಲೇ ಕಳಿಸಲು ಆಗಲಿಲ್ಲ. ನಂಬರ್ ಸೇವ್ ಮಾಡಿಕೊಂಡೆ. ಅವನ ಚಾಟ್ ತೆಗೆದೆ. ಮೇಲ್ಗಡೆ ಅವನ ಹೆಸರು, ಪಕ್ಕದಲ್ಲೇ ಕಾಲ್ ಮಾಡುವ ಗುರುತು, ಕೆಳಗೆ ಖಾಲಿ. ಆ ಖಾಲಿ ಜಾಗ ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ. ಯಾಕೆಂದರೆ ಬೇರೆ ಎಲ್ಲರ ಜೊತೆ ಹಿಂದಿನ ಮಾತು ಇರುತ್ತದೆ, ಅದರ ಬಾಲ ಹಿಡಿದು ಮುಂದಿನದನ್ನು ಹೇಳಬಹುದು. ಇಲ್ಲಿ ನಾನು ಏನು ಬರೆದರೂ ಅದೇ ಮೊದಲು. ನಾಳೆ ಅವನು ಮೇಲಕ್ಕೆ ಎಳೆದು ನೋಡಿದರೆ ಅಲ್ಲಿ ನಿಂತಿರುವುದು ಇದೇ ಸಾಲು.

ಗೆಳತಿಗೆ ಹೇಳಿದೆ. ಅವಳದು ಒಂದೇ ಮಾತು, "ಲೇ, ಸುಮ್ನೆ ಹಾಯ್ ಅಂತ ಹಾಕೇ, ಆಮೇಲೆ ನೋಡ್ಕೊಳ್ಳೋಣ." ನನಗೆ ಅದು ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಬರೀ "ಹಾಯ್" ಅಂದರೆ ಕೆಲಸವನ್ನೆಲ್ಲ ಅವರ ತಲೆಗೆ ಹಾಕಿದಂತೆ. ಅವರೂ "ಹಾಯ್" ಅನ್ನಬೇಕು, ಯಾಕೆ ಮೆಸೇಜ್ ಮಾಡಿದ್ದು ಅಂತ ಕಾಯಬೇಕು, ಆಮೇಲೆ ನಾವು "ಏನಿಲ್ಲ, ಹೀಗೇ" ಅನ್ನುತ್ತೇವೆ. ಬೇರೆ ಇನ್ನೊಂದು ತುದಿ ಇದೆ. ಮನಸ್ಸಿನಲ್ಲಿ ಇರುವುದನ್ನೆಲ್ಲ ಸುರಿದು ಫೋನ್ ಪರದೆ ತುಂಬುವಷ್ಟು ಬರೆಯುವುದು. ನಾನು ಅಂಥದ್ದನ್ನೂ ಬರೆದು ನೋಡಿದೆ. ಅವನು ಕೊನೆಯವರಿಗೆ ಕಾಯುವುದನ್ನು ನಾನು ಗಮನಿಸಿದ್ದೇನೆ, ಅದು ನನಗೆ ಎಷ್ಟು ಒಳ್ಳೆಯದು ಅನ್ನಿಸಿತು, ಹೀಗೆ. ಪ್ರತಿ ಮಾತೂ ನಿಜ. ಆದರೆ ಅದನ್ನು ಅವನ ಜಾಗದಲ್ಲಿ ಕೂತು ಓದಿದಾಗ, ವಿಡಿಯೋ ಬರುತ್ತದೆ ಅಂದುಕೊಂಡವನಿಗೆ ಇದು ಬಂದರೆ ಏನು ಉತ್ತರ ಕೊಡಬೇಕು ಅಂತಲೇ ತಿಳಿಯುವುದಿಲ್ಲ ಅನ್ನಿಸಿತು. ಆಗ ನನಗೆ ಒಂದು ದಾರಿ ಸಿಕ್ಕಿತು. ನನ್ನ ಮನಸ್ಸು ಎಲ್ಲಿದೆ ಅನ್ನುವುದನ್ನು ಬಿಟ್ಟು, ಅವನು ಎಲ್ಲಿದ್ದಾನೆ ಅಂತ ನೋಡಿ ಬರೆಯುವುದು. ಅವನು ಇರುವುದು ಮೊಣಕಾಲು ನೋವಿನ ಹತ್ತಿರ. ಹಾಗಾದರೆ ನಾನೂ ಅಲ್ಲಿಂದಲೇ ಶುರು ಮಾಡಬೇಕು.

ಬರೆದು ನೋಡಿದ್ದೆಲ್ಲ ಚಾಟ್‌ನಲ್ಲಿ ಅಲ್ಲ, ಫೋನಿನ ನೋಟ್ಸ್‌ನಲ್ಲಿ. ಚಾಟ್ ಒಳಗೆ ಬರೆಯುತ್ತಾ ಕೂತರೆ, ಅದೇ ಹೊತ್ತಿಗೆ ಅವನು ಆನ್‌ಲೈನ್ ಇದ್ದರೆ, "ಟೈಪಿಂಗ್" ಅಂತ ಅವನಿಗೆ ಕಾಣಿಸುತ್ತದೆ. ಬರೆಯುತ್ತಾ ಇದ್ದಾಳೆ, ನಿಂತಿತು, ಮತ್ತೆ ಬರೆಯುತ್ತಾ ಇದ್ದಾಳೆ ಅಂತ ಯಾರಿಗಾದರೂ ಕಂಡರೆ ಏನೋ ದೊಡ್ಡ ವಿಷಯ ಬರುತ್ತಿದೆ ಅಂದುಕೊಳ್ಳುವುದಿಲ್ವಾ? ನೋಟ್ಸ್‌ನಲ್ಲಿ ಬರೆದರೆ ಇನ್ನೊಂದು ಲಾಭ, ಬೆರಳು ತಪ್ಪಿ ಅರ್ಧಕ್ಕೇ ಹೋಗಿಬಿಡುವ ಭಯ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದನ್ನು ಎಲ್ಲರ ಕಡೆಯಿಂದ ಅಳಿಸುವ ಅವಕಾಶ 2017ರಿಂದ ಇದೆ, 15 ನಿಮಿಷದ ಒಳಗೆ ತಿದ್ದುವ ಅವಕಾಶ 2023ರಲ್ಲಿ ಬಂತು. ಆದರೆ ಅಳಿಸಿದರೆ ಮೆಸೇಜ್ ಅಳಿಸಲಾಗಿದೆ ಅನ್ನುವ ಗುರುತು ಉಳಿಯುತ್ತದೆ, ತಿದ್ದಿದರೆ ತಿದ್ದಿದ್ದು ಅಂತ ಬರುತ್ತದೆ. ಮೊದಲ ಮೆಸೇಜೇ ಅಳಿಸಿದ ಮೆಸೇಜ್ ಆದರೆ ಏನಿತ್ತು ಅಂತ ಅವರು ತಲೆ ಕೆಡಿಸಿಕೊಳ್ಳುತ್ತಾರೆ, ನಾವೂ ಕೆಡಿಸಿಕೊಳ್ಳುತ್ತೇವೆ.

ಈಗಿನ ಕಾಲದಲ್ಲಿ ಎಐ ಆ್ಯಪ್‌ಗಳನ್ನು ಕೇಳಿದರೆ ಅವೇ ಬರೆದುಕೊಡುತ್ತವೆ. ನಾನೂ ಕೇಳಿ ನೋಡಿದೆ. ಚೆನ್ನಾಗಿಯೇ ಬರೆಯಿತು, ಎಲ್ಲೂ ತಪ್ಪಿಲ್ಲ. ಆದರೆ ಭಾನುವಾರ ಎದುರಿಗೆ ಸಿಕ್ಕಾಗ ಅಷ್ಟು ನಯವಾಗಿ ಮಾತಾಡುವುದು ನನಗೆ ಬರುವುದಿಲ್ಲ. ಅವನು ಮೆಸೇಜ್‌ನಲ್ಲಿ ಒಬ್ಬಳನ್ನು ನೋಡಿ, ಎದುರಿಗೆ ಇನ್ನೊಬ್ಬಳನ್ನು ನೋಡುವ ಹಾಗೆ ಆಗಬಾರದು. ಅದನ್ನು ಅಲ್ಲಿಗೇ ಬಿಟ್ಟೆ.

ಇನ್ನು ಭಾಷೆಯ ವಿಷಯ. ಇದರಲ್ಲಿ ಎಷ್ಟು ಹೊತ್ತು ಕಳೆದೆ ಅಂದರೆ ಹೇಳಿ ಮುಗಿಯುವುದಿಲ್ಲ. ಗುಂಪಿನಲ್ಲಿ ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ನನಗೆ ಕನ್ನಡ ಅಕ್ಷರದಲ್ಲೇ ಬರೆದರೆ ಸಮಾಧಾನ. ಆದರೆ ಅದು ಅವನಿಗೆ ಬಿಗಿಯಾಗಿ ಕಾಣಬಹುದಾ? ಪೂರ್ತಿ ಇಂಗ್ಲಿಷ್‌ನಲ್ಲಿ ಬರೆದರೆ ಆಫೀಸಿನ ಮೇಲ್ ಥರ ಆಗುತ್ತದಾ? ಅದಕ್ಕಿಂತ ದೊಡ್ಡ ಪ್ರಶ್ನೆ ನೀವು ಅನ್ನಬೇಕೋ ನೀನು ಅನ್ನಬೇಕೋ ಅನ್ನುವುದು. ಮನಸ್ಸಿನಲ್ಲಿ ಅವನು ಯಾವಾಗಲೋ ನೀನು ಆಗಿದ್ದ. ಎದುರಿಗೆ ನಾವಿಬ್ಬರೂ ನೀವು ಅನ್ನುತ್ತಿದ್ದೆವು, "ಕಳಿಸಿ" ಅಂತಲೇ ಅವನು ಅಂದಿದ್ದು. ಏಕಾಏಕಿ ನೀನು ಅಂದರೆ ಸಲುಗೆ ಜಾಸ್ತಿ. ನೀವು ಅಂದರೆ ಆ ದೂರಕ್ಕೆ ನಾನೇ ಇನ್ನೊಂದು ಬೇಲಿ ಹಾಕಿದ ಹಾಗೆ ಅನ್ನಿಸಿ ಬೇಜಾರು. ಎರಡನ್ನೂ ಬಿಟ್ಟು ಬರೆಯಲು ನೋಡಿದರೆ ಕ್ರಿಯಾಪದ ಬಿಡುವುದಿಲ್ಲ, "ಮಾಡ್ತೀರಾ", "ಮಾಡ್ತೀಯಾ" ಅಂತ ಕೊನೆಯಲ್ಲಿ ಹಿಡಿದುಹಾಕುತ್ತದೆ. ಹುಡುಕಿ ಹುಡುಕಿ ಒಂದು ಪ್ರಶ್ನೆ ಸಿಕ್ಕಿತು. "ಮೊಣಕಾಲು ಹೇಗಿದೆ ಈಗ?" ಇದರಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಕೇಳುತ್ತಿರುವುದು ಮೊಣಕಾಲನ್ನು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆ ಪ್ರಶ್ನೆ ಸೇರಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಬರೀ ವಿಡಿಯೋ ಕಳಿಸಿದ್ದರೆ ಅವನು ಹೆಬ್ಬೆರಳ ಗುರುತು ಒತ್ತಿ ಸುಮ್ಮನಾಗಬಹುದಿತ್ತು. ಅದರಲ್ಲಿ ಅವನ ತಪ್ಪೇನೂ ಇಲ್ಲ, ನಾನು ಕೊಟ್ಟಿದ್ದು ಅಷ್ಟಕ್ಕೇ ಜಾಗ. ಪ್ರಶ್ನೆ ಇದ್ದರೆ ಉತ್ತರ ಕೊಡಲು ಒಂದು ಹಿಡಿ ಸಿಗುತ್ತದೆ. ಆದರೆ ಅದು ಸುಲಭದ ಪ್ರಶ್ನೆ ಆಗಿರಬೇಕು, ಅವರೇ ನಮಗೆ ಹೇಳಿದ ವಿಷಯದ ಮೇಲೆ ಇರಬೇಕು, ಅವರ ಹಳೇ ಫೋಟೋ ಹುಡುಕಿ ತೆಗೆದ ವಿಷಯ ಆಗಿರಬಾರದು, ಮತ್ತು ಎರಡು ಪದದಲ್ಲಿ ಉತ್ತರ ಕೊಟ್ಟು ಕೈ ತೊಳೆದುಕೊಳ್ಳುವುದಕ್ಕೂ ಅವರಿಗೆ ಅವಕಾಶ ಇರಬೇಕು. ಕೊನೆಯದನ್ನು ನಾನು ಬಹಳ ಮುಖ್ಯ ಅಂದುಕೊಂಡಿದ್ದೇನೆ. ಅವನಿಗೆ ನನ್ನ ಜೊತೆ ಮಾತು ಬೆಳೆಸುವ ಮನಸ್ಸು ಇಲ್ಲದಿದ್ದರೆ ಅದನ್ನು ಅವನು ಮುಜುಗರ ಇಲ್ಲದೆ ತೋರಿಸಲು ಆಗಬೇಕು. ಭಾನುವಾರ ಮತ್ತೆ ಮುಖ ನೋಡುವವರು ನಾವು.

ಉದ್ದ ಎಷ್ಟಿರಬೇಕು ಅನ್ನುವುದಕ್ಕೆ ನಾನು ಹಳೇ ಎಸ್‌ಎಮ್‌ಎಸ್ ಅಳತೆ ಇಟ್ಟುಕೊಂಡೆ. ಎಸ್‌ಎಮ್‌ಎಸ್‌ನಲ್ಲಿ ಇಂಗ್ಲಿಷ್ ಆದರೆ ಒಂದು ಮೆಸೇಜ್‌ಗೆ 160 ಅಕ್ಷರ, ಕನ್ನಡ ಲಿಪಿಯಲ್ಲಾದರೆ 70. ಅದರಲ್ಲೂ ದೀರ್ಘ, ಒತ್ತು, ಕೊಂಬು ಎಲ್ಲ ಬೇರೆ ಬೇರೆ ಲೆಕ್ಕ. ಹೆಚ್ಚುಕಡಿಮೆ ಅಷ್ಟರಲ್ಲಿ ಹಿಡಿಯುವಂತೆ ಬರೆದೆ. "ಹಾಯ್" ಅಂದು ನನ್ನ ಹೆಸರು, ಓಟದ ಗುಂಪು, ಭಾನುವಾರ ಹೇಳಿದ ವಿಡಿಯೋ ಇದು, ಮೊಣಕಾಲು ಹೇಗಿದೆ ಈಗ. ಕನ್ನಡ ಅಕ್ಷರದಲ್ಲೇ. ಹೆಸರು ಹಾಕಿದ್ದು ಬೇಕಂತಲೇ. ಅವನ ಫೋನಿನಲ್ಲಿ ನನ್ನ ನಂಬರ್ ಸೇವ್ ಆಗಿರುವುದಿಲ್ಲ. ಯಾರಿದು ಅಂತ ಅವನು ಕೇಳುವ ಪರಿಸ್ಥಿತಿ ಬಂದರೆ ಇಬ್ಬರಿಗೂ ಕಸಿವಿಸಿ.

ಕಳಿಸಿದ್ದು ಸಂಜೆ, ಕೆಲಸ ಬಿಡುವ ಹೊತ್ತು ದಾಟಿದ ಮೇಲೆ. ರಾತ್ರಿ ತಡವಾಗಿ ಹೋದ ಮೆಸೇಜ್‌ಗೆ ನಾವು ಬರೆಯದ ಅರ್ಥವೂ ಅಂಟಿಕೊಳ್ಳುತ್ತದೆ. ಮೊದಲನೆಯದಕ್ಕೆ ಅದು ಬೇಡ. ನೋಟ್ಸ್‌ನಿಂದ ಕಾಪಿ ಮಾಡಿ ಹಾಕಿದೆ. ಕಳಿಸುವ ಗುಂಡಿಯ ಮೇಲೆ ಬೆರಳು ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಒತ್ತಿದೆ. ಒಂದು ಬೂದು ಟಿಕ್ ಬಂತು, ಅಂದರೆ ನನ್ನ ಕಡೆಯಿಂದ ಹೋಯಿತು. ಎರಡಾಯಿತು, ಅಂದರೆ ಅವನ ಫೋನ್ ಮುಟ್ಟಿತು. ನೀಲಿ ಆಗಲಿಲ್ಲ.

ಈ ನೀಲಿ ಟಿಕ್ ವಾಟ್ಸ್‌ಆ್ಯಪ್‌ಗೆ ಬಂದಿದ್ದು 2014ರ ನವೆಂಬರ್‌ನಲ್ಲಿ. ಬೇಡ ಅನ್ನುವವರು ಅದನ್ನು ಆಫ್ ಮಾಡಿಕೊಳ್ಳಬಹುದು, ಆಗ ಅವರು ಓದಿದರೂ ನಮಗೆ ಬೂದು ಬಣ್ಣವೇ ಕಾಣಿಸುತ್ತದೆ. ಹಾಗಾಗಿ ನೀಲಿ ಆಗಿಲ್ಲ ಅಂದರೆ ಓದಿಲ್ಲ ಅಂತಲೂ ಹೇಳಲಾಗದು. ಗುಂಪಿನ ಮೆಸೇಜ್‌ಗಳಲ್ಲಿ ಮಾತ್ರ ಯಾರು ಓದಿದರು ಅನ್ನುವುದನ್ನು ಮುಚ್ಚಿಡಲು ಬರುವುದಿಲ್ಲ. ಗುಂಪಿಗೆ ಏನಾದರೂ ಒಂದು ಹಾಕಿ, ಅವನು ಅದನ್ನು ಓದಿದನಾ ಅಂತ ನೋಡಿ, ಫೋನ್ ಕೈಯಲ್ಲಿದೆಯಾ ಅಂತ ತಿಳಿದುಕೊಳ್ಳಬಹುದು. ಈ ಯೋಚನೆ ನನಗೆ ಬಂತು. ಮಾಡಲಿಲ್ಲ. ಅದು ಕದ್ದು ನೋಡುವ ಕೆಲಸ. ಒಬ್ಬರನ್ನು ಇಷ್ಟಪಡುವುದು ಬೇರೆ, ಅವರ ಮೇಲೆ ಕಣ್ಣಿಡುವುದು ಬೇರೆ.

ಕಾಯುವ ಹೊತ್ತು ಕಳೆಯಲು ನಾನು ಓದುತ್ತಾ ಕೂತೆ, ಮೆಸೇಜ್‌ಗಳ ಬಗ್ಗೆಯೇ. ಜಗತ್ತಿನ ಮೊದಲ ಎಸ್‌ಎಮ್‌ಎಸ್ ಹೋಗಿದ್ದು 1992ರ ಡಿಸೆಂಬರ್ 3ರಂದು. ನೀಲ್ ಪ್ಯಾಪ್‌ವರ್ತ್ ಅನ್ನುವ 22 ವರ್ಷದ ಎಂಜಿನಿಯರ್ ಕಂಪ್ಯೂಟರ್‌ನಿಂದ ಕಳಿಸಿದ್ದು. ವೊಡಾಫೋನ್‌ನ ರಿಚರ್ಡ್ ಜಾರ್ವಿಸ್ ಅನ್ನುವವರ ಫೋನಿಗೆ ಹೋದ ಆ ಮೆಸೇಜ್‌ನಲ್ಲಿ ಇದ್ದದ್ದು ಕ್ರಿಸ್‌ಮಸ್ ಶುಭಾಶಯ. ಅದಕ್ಕೆ ಉತ್ತರ ಬರಲಿಲ್ಲ. ಆ ಫೋನಿನಿಂದ ಮೆಸೇಜ್ ಬರೆದು ಕಳಿಸುವ ವ್ಯವಸ್ಥೆಯೇ ಇರಲಿಲ್ಲವಂತೆ. ಆ ಹೊತ್ತಿನಲ್ಲಿ ಇದನ್ನು ಓದಿ ನನಗೆ ಎಷ್ಟು ಹಗುರ ಆಯಿತು ಅಂದರೆ, ಉತ್ತರ ಬರದೇ ಇರುವುದಕ್ಕೆ ನನಗೆ ಸಂಬಂಧವೇ ಇಲ್ಲದ ಕಾರಣಗಳು ಸಾವಿರ ಇರಬಹುದು ಅಂತ ಮೊದಲ ಸಲ ಮನಸ್ಸು ಒಪ್ಪಿಕೊಂಡಿತು.

ಇನ್ನೊಂದು ಓದಿದ್ದು ಅದಕ್ಕಿಂತ ಜಾಸ್ತಿ ಉಪಕಾರ ಮಾಡಿತು. ನನ್ನ ದೊಡ್ಡ ಭಯ ಏನಿತ್ತು ಅಂದರೆ, ಮೊಣಕಾಲಿನ ಪ್ರಶ್ನೆಯ ಹಿಂದೆ ಏನಿದೆ ಅನ್ನುವುದು ಅವನಿಗೆ ತಕ್ಷಣ ತಿಳಿದುಬಿಡುತ್ತದೆ ಅಂತ. ನನಗೆ ಆ ಸಾಲು ಓದಿದರೆ ಅದರಲ್ಲಿ ನನ್ನ ಇಡೀ ಮನಸ್ಸೇ ಕಾಣುತ್ತಿತ್ತು. ಥಾಮಸ್ ಗಿಲೊವಿಚ್ ಅನ್ನುವ ಮನೋವಿಜ್ಞಾನಿ ಮತ್ತು ಅವರ ಜೊತೆಗಾರರು 1998ರಲ್ಲಿ ಇಂಥದ್ದನ್ನೇ ಪರೀಕ್ಷೆ ಮಾಡಿ ಬರೆದಿದ್ದಾರೆ. ಅದರಲ್ಲಿ ಒಂದು ಪ್ರಯೋಗ ಹೀಗೆ. ಕೆಲವರಿಗೆ ಬೇರೆ ಬೇರೆ ಲೋಟದಲ್ಲಿ ಪಾನೀಯ ಕೊಡುತ್ತಾರೆ, ಕೆಲವು ಲೋಟದಲ್ಲಿ ಕೆಟ್ಟ ರುಚಿಯದ್ದು. ಮುಖದಲ್ಲಿ ಏನೂ ತೋರಿಸದೆ ಕುಡಿಯಬೇಕು. ಕುಡಿದವರಿಗೆ ನೋಡುವವರು ನಮ್ಮನ್ನು ಹಿಡಿದುಬಿಡುತ್ತಾರೆ ಅನ್ನಿಸುತ್ತಿತ್ತು. ಅವರು ಅಂದುಕೊಂಡಷ್ಟು ಸಲ ನೋಡಿದವರಿಗೆ ಹಿಡಿಯಲು ಆಗಲಿಲ್ಲ. ನಮ್ಮೊಳಗೆ ಇರುವುದು ಹೊರಗೆ ಸೋರುತ್ತಿದೆ ಅಂತ ನಾವು ನಿಜಕ್ಕಿಂತ ಜಾಸ್ತಿ ಅಂದುಕೊಳ್ಳುತ್ತೇವೆ. ನನ್ನ ಸಾಲನ್ನು ಮತ್ತೆ ಓದಿದೆ, ಈ ಸಲ ಏನೂ ಗೊತ್ತಿಲ್ಲದವಳ ಥರ. ಗುಂಪಿನ ಒಬ್ಬಳು ಮೊಣಕಾಲು ಹೇಗಿದೆ ಅಂತ ಕೇಳಿದ್ದಾಳೆ. ಅದಕ್ಕಿಂತ ಒಂದು ಕಾಳೂ ಹೆಚ್ಚು ಅದರಲ್ಲಿ ಇರಲಿಲ್ಲ.

ರಾತ್ರಿ ಉತ್ತರ ಬರಲಿಲ್ಲ. ಆಗ ಇನ್ನೊಂದು ಮೆಸೇಜ್ ಕಳಿಸಬೇಕು ಅಂತ ಬಹಳ ಅನ್ನಿಸುತ್ತದೆ. ಒಂದು ಪ್ರಶ್ನಾರ್ಥಕ ಚಿಹ್ನೆ, ಇಲ್ಲಾ "ಬಿಜಿ ಇದ್ದೀರಾ" ಅಂತ, ಏನಾದರೂ. ಇದನ್ನು ಮಾಡಲೇಬಾರದು ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ. ಆ ತೀರ್ಮಾನವನ್ನು ಕಳಿಸುವುದಕ್ಕೆ ಮುಂಚೆ ಮಾಡಿಕೊಳ್ಳಬೇಕು, ಕಳಿಸಿದ ಮೇಲೆ ಮನಸ್ಸು ಮಾತು ಕೇಳುವುದಿಲ್ಲ. ಉತ್ತರ ಬಂದರೆ ಬಂತು. ಬರದಿದ್ದರೆ ಅದೇ ಉತ್ತರ ಅಂದುಕೊಂಡು ಭಾನುವಾರ ಎಂದಿನ ಹಾಗೆ ನಕ್ಕು ಓಡುವುದು. ಗೆಳತಿಗೆ ಫೋನ್ ಮಾಡಿ, ನಾನು ಏನಾದರೂ ಕಳಿಸಲು ಹೊರಟರೆ ತಡಿಯೇ ಅಂತ ಹೇಳಿ ಮಲಗಿದೆ.

ಬೆಳಿಗ್ಗೆ ಬಂತು. "ಪರವಾಗಿಲ್ಲ." ಅದರ ಕೆಳಗೆ, "ವಿಡಿಯೋ ನೋಡ್ತೀನಿ, ಥ್ಯಾಂಕ್ಸ್." ಎರಡಕ್ಕೂ ಕೊನೆಯಲ್ಲಿ ಚುಕ್ಕಿ.

ಆ ಚುಕ್ಕಿ ನೋಡಿ ನನ್ನ ಹೊಟ್ಟೆಯಲ್ಲಿ ಏನೋ ಕುಸಿಯಿತು. ಬೇಕಾದರೆ ನಂಬಿ, ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಹಾಗಾಯಿತು. ಇದು ನನ್ನೊಬ್ಬಳ ಕಲ್ಪನೆಯೇನೂ ಅಲ್ಲ. ಒಂದೇ ಪದದ ಉತ್ತರದ ಕೊನೆಗೆ ಚುಕ್ಕಿ ಇದ್ದರೆ ಅದು ಮನಸ್ಸಿನಿಂದ ಬಂದ ಮಾತಲ್ಲ ಅಂತ ಓದುವವರಿಗೆ ಅನ್ನಿಸುತ್ತದೆ, ಅದೇ ಕೈಯಲ್ಲಿ ಬರೆದ ಚೀಟಿಯಲ್ಲಿ ಇದ್ದರೆ ಹಾಗೆ ಅನ್ನಿಸುವುದಿಲ್ಲ ಅಂತ ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು, ಗುಂಪಿನಲ್ಲಿ ಅವನು ಎಲ್ಲರಿಗೂ ಹಾಕಿದ್ದನ್ನು ನೆನಪು ಮಾಡಿಕೊಂಡೆ. ಬೆಳಿಗ್ಗೆ ಐದೂವರೆಗೆ ಸೇರೋಣ, ಚುಕ್ಕಿ. ಎಲ್ಲರೂ ನೀರು ತನ್ನಿ, ಚುಕ್ಕಿ. ಹುಟ್ಟುಹಬ್ಬದ ಶುಭಾಶಯ, ಚುಕ್ಕಿ. ಅವನು ಬರೆಯುವುದೇ ಹಾಗೆ. ಒಬ್ಬರ ಮೆಸೇಜ್‌ನ ದನಿ ತಿಳಿಯಬೇಕಾದರೆ ಅವರು ಬೇರೆಯವರಿಗೆ ಹೇಗೆ ಬರೆಯುತ್ತಾರೆ ಅಂತ ನೋಡಬೇಕು. ನಮಗೆ ಬಂದಿದ್ದನ್ನು ಮಾತ್ರ ಹಿಡಿದು ಕೂತರೆ ಇಲ್ಲದ್ದೆಲ್ಲ ಕಾಣುತ್ತದೆ.

ಈಗ ಎರಡನೆಯ ಮೆಸೇಜ್. ಇದರ ಬಗ್ಗೆ ಯಾರೂ ಹೇಳುವುದಿಲ್ಲ, ನನ್ನ ಪ್ರಕಾರ ಮೊದಲನೆಯದಕ್ಕಿಂತ ಇದೇ ಕಷ್ಟ. ಮೊದಲನೆಯದಕ್ಕೆ ಒಂದು ನೆಪ ಇತ್ತು, ವಿಡಿಯೋ. ಆ ನೆಪ ಮುಗಿಯಿತು. "ಥ್ಯಾಂಕ್ಸ್" ಅನ್ನುವುದು ಮಾತು ಮುಗಿಸುವ ಪದ. ಅದಕ್ಕೆ "ವೆಲ್‌ಕಮ್" ಅಂದರೆ ಅಲ್ಲಿಗೆ ಪೂರ್ತಿ ಮುಗಿಯಿತು. ಹೊಸ ವಿಷಯ ತೆಗೆದರೆ, ಮಾತಾಡಲೇಬೇಕು ಅಂತ ಕೂತಿದ್ದಾಳೆ ಅನ್ನಿಸಬಹುದು. ನಾನು ಅವನ "ಪರವಾಗಿಲ್ಲ"ವನ್ನೇ ಹಿಡಿದೆ. ಪರವಾಗಿಲ್ಲ ಅಂದರೆ ಪೂರ್ತಿ ಹೋಗಿಲ್ಲ ಅಂತ ಅಲ್ವಾ? ನನಗೆ ಬಂದಿದ್ದಾಗ ಮೆಟ್ಟಿಲು ಇಳಿಯುವಾಗ ತುಂಬಾ ನೋಯುತ್ತಿತ್ತು. ಅದನ್ನೇ ಬರೆದು, "ಮೆಟ್ಟಿಲು ಇಳಿಯೋವಾಗ ನೋವು ಇದೆಯಾ?" ಅಂತ ಕೇಳಿದೆ. ಇದನ್ನು ನೋಟ್ಸ್‌ನಲ್ಲಿ ಬರೆಯಲಿಲ್ಲ, ನೇರವಾಗಿ ಚಾಟ್‌ನಲ್ಲೇ.

ಉತ್ತರ ಈ ಸಲ ಬೇಗ ಬಂತು, ಉದ್ದವಾಗಿಯೂ ಬಂತು. ಇಳಿಯುವಾಗ ಇದೆ, ಹತ್ತುವಾಗ ಇಲ್ಲ, ತುಂಬಾ ಹೊತ್ತು ಕೂತು ಎದ್ದರೂ ಹಿಡಿಯುತ್ತದೆ, ಹೊಸ ಶೂ ಕಾರಣ ಇರಬಹುದಾ ಅಂತ. ಕೊನೆಯಲ್ಲಿ "ನಿಮಗೆ ಎಷ್ಟು ದಿನಕ್ಕೆ ಹೋಯ್ತು?" ಅಂತ ಒಂದು ಪ್ರಶ್ನೆ. ನನಗೆ ಬೇಕಿದ್ದದ್ದು ಆ ಪ್ರಶ್ನೆ. ನಾವು ಕೇಳಿದ್ದಕ್ಕೆ ಉತ್ತರ ಕೊಡುವುದು ಸೌಜನ್ಯ, ಎಲ್ಲರೂ ಮಾಡುತ್ತಾರೆ. ತಿರುಗಿ ಕೇಳುವುದು ಅವರ ಇಷ್ಟ. ಅದು ಪ್ರೀತಿ ಅಂತ ಅರ್ಥ ಅಲ್ಲ, ಆದರೆ ಮಾತು ಮುಂದುವರಿಯಲಿ ಅಂತ ಅವರ ಕಡೆಯಿಂದಲೂ ಒಂದು ಕೈ ಬಂದಿದೆ ಅಂತ ಧೈರ್ಯವಾಗಿ ಹೇಳಬಹುದು. ಹಾರ್ವರ್ಡ್‌ನ ಕ್ಯಾರನ್ ಹ್ವಾಂಗ್ ಮತ್ತು ಜೊತೆಗಾರರು 2017ರಲ್ಲಿ ಚಾಟ್ ಮಾತುಕತೆಗಳನ್ನು ನೋಡಿ ಬರೆದಿದ್ದು ಇದಕ್ಕೆ ಹೊಂದುತ್ತದೆ. ಜಾಸ್ತಿ ಪ್ರಶ್ನೆ ಕೇಳುವವರು ಎದುರಿನವರಿಗೆ ಜಾಸ್ತಿ ಇಷ್ಟವಾಗುತ್ತಾರೆ. ಅದರಲ್ಲೂ ಅವರು ಹೇಳಿದ್ದರಿಂದಲೇ ಹುಟ್ಟಿದ ಪ್ರಶ್ನೆಗಳು ಮುಖ್ಯ, ಯಾಕೆಂದರೆ ಕೇಳಿಸಿಕೊಂಡಿದ್ದೇವೆ ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಆಮೇಲಿನ ಕೆಲವು ದಿನದ ಬಗ್ಗೆ ಹೇಳಲು ಅಂಥದ್ದೇನಿಲ್ಲ. ಮೊಣಕಾಲಿನಿಂದ ಶೂಗೆ ಹೋಯಿತು, ಶೂನಿಂದ ನಿದ್ದೆಗೆ, ನಿದ್ದೆಯಿಂದ ಅವನ ಕೆಲಸಕ್ಕೆ. ಉತ್ತರ ಕೊಡಲು ಬೇಕಂತಲೇ ತಡ ಮಾಡು, ಅವನು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೋ ಅದರ ಎರಡರಷ್ಟು ತೆಗೆದುಕೋ ಅಂತ ಗೆಳತಿ ಹೇಳಿದ್ದಳು. ಬಹಳ ಜನ ಹೀಗೆ ಹೇಳುತ್ತಾರೆ. ನನಗೆ ಒಪ್ಪಿಗೆ ಆಗಲಿಲ್ಲ. ಫೋನ್ ನೋಡಿದಾಗ ಉತ್ತರ ಕೊಟ್ಟೆ, ಕೆಲಸ ಇದ್ದಾಗ ಕೊಡಲಿಲ್ಲ. ಲೆಕ್ಕ ಹಾಕಿ ತಡ ಮಾಡಲು ಶುರು ಮಾಡಿದರೆ ಅವನು ತಡ ಮಾಡಿದಾಗಲೂ ಅದು ಲೆಕ್ಕವೇ ಅಂತ ಅನುಮಾನ ಬರುತ್ತದೆ. ಇಷ್ಟಪಟ್ಟವರ ಜೊತೆ ಆ ಥರ ಇರಲು ನನಗೆ ಮನಸ್ಸಿಲ್ಲ.

ಆದರೆ ಮುಂದಿನ ಭಾನುವಾರದ ಬಗ್ಗೆ ಹೇಳಲೇಬೇಕು. ಫೋನಿನಲ್ಲಿ ಅಷ್ಟು ಸಲೀಸಾಗಿ ಮಾತಾಡಿದವರು ಎದುರಿಗೆ ಸಿಕ್ಕಾಗ ಏನೂ ಮಾತು ಬರಲಿಲ್ಲ. ಇಬ್ಬರಿಗೂ. ಅವನು "ಹಾಯ್" ಅಂದ, ನಾನು "ಹಾಯ್" ಅಂದೆ, ಅವನು ಶೂ ಲೇಸ್ ನೋಡಿದ, ನಾನು ಕೈಗಡಿಯಾರ ನೋಡಿದೆ. ಮೆಸೇಜ್‌ನಲ್ಲಿ ಯೋಚಿಸಿ ಬರೆಯಲು ಸಮಯ ಇರುತ್ತದೆ, ಮುಖ ಇರುವುದಿಲ್ಲ. ಎದುರಿಗೆ ಮುಖವೇ ಎಲ್ಲ. ಸುತ್ತ ಗುಂಪಿನವರು ಬೇರೆ. ನಾವು ಬೇರೆಯಾಗಿ ಮಾತಾಡುತ್ತೇವೆ ಅನ್ನುವುದು ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾ ಬೇಡವಾ ಅಂತ ನಮಗೂ ಗೊತ್ತಿಲ್ಲ. ಓಟ ಶುರುವಾದ ಮೇಲೆ ಅವನು ನಿಧಾನ ಮಾಡಿ ನನ್ನ ಪಕ್ಕ ಬಂದ. "ಮೊಣಕಾಲು?" ಅಂತ ನಾನು ಕೇಳಿದೆ. ನಕ್ಕುಬಿಟ್ಟ. ಅಲ್ಲಿಂದ ಸರಿಹೋಯಿತು. ಮೆಸೇಜ್‌ನಲ್ಲಿ ಆಡಿದ ಯಾವುದಾದರೂ ಒಂದು ಮಾತನ್ನು ಎದುರಿಗೆ ತರಬೇಕು, ಆಗಲೇ ಫೋನಿನೊಳಗಿನ ಮನುಷ್ಯ ಮತ್ತು ಮುಂದೆ ನಿಂತ ಮನುಷ್ಯ ಒಂದಾಗುವುದು. ಎದುರಿಗೆ ಸಿಕ್ಕಾಗ ಮಾತೇ ಆಡದವರು ರಾತ್ರಿ ಮತ್ತೆ ಮೆಸೇಜ್ ಮಾಡಿದರೆ ಎರಡೂ ಬೇರೆ ಬೇರೆಯಾಗಿ ಬೆಳೆಯುತ್ತವೆ. ಹೀಗೆ ಆಗಿ ಕೊನೆಗೆ ಎದುರಿಗೆ ಸಿಗುವುದನ್ನೇ ತಪ್ಪಿಸಿದವರನ್ನು ನಾನು ನೋಡಿದ್ದೇನೆ.

ನೀವು ಅನ್ನುವುದು ಇನ್ನೂ ಕೆಲವು ವಾರ ಇತ್ತು. ಒಂದು ರಾತ್ರಿ ಅವನೇ ಬರೆದ, "ಒಂದು ಕೇಳ್ಲಾ? ಈ ನೀವು ಬಿಟ್ಬಿಡೋಣ್ವಾ." ಪ್ರಶ್ನೆಗೂ ಚುಕ್ಕಿಯೇ. "ಸರಿ ಕಣೋ" ಅಂತ ಬರೆದು ಕಳಿಸಿ, ಕಣೋ ಜಾಸ್ತಿ ಆಯಿತೇನೋ ಅಂತ ಒಂದು ಕ್ಷಣ ಉಸಿರು ಹಿಡಿದೆ. ನಗುವ ಮುಖ ಬಂತು.

ಈಗ ಉಳಿದಿರುವುದು ನಿಜವಾದ ವಿಷಯ. ನನಗೆ ಇಷ್ಟ ಅಂತ ನಾನು ಇನ್ನೂ ಹೇಳಿಲ್ಲ. ಎಷ್ಟೋ ರಾತ್ರಿ ಬೆರಳ ತುದಿಗೆ ಬಂದಿದೆ. ಗೆಳತಿ "ಟೈಪ್ ಮಾಡೇ, ಮುಗಿಸೇ" ಅನ್ನುತ್ತಾಳೆ. ಇದನ್ನು ಮೆಸೇಜ್‌ನಲ್ಲಿ ಹೇಳುವುದು ಬೇಡ ಅಂತ ನಾನು ನಿರ್ಧಾರ ಮಾಡಿದ್ದೇನೆ, ಅದಕ್ಕೆ ನನ್ನ ಹತ್ತಿರ ಕಾರಣ ಇದೆ. ಕ್ರೂಗರ್, ಎಪ್ಲಿ ಅನ್ನುವ ಮನೋವಿಜ್ಞಾನಿಗಳು ಮತ್ತು ಜೊತೆಗಾರರು 2005ರಲ್ಲಿ ಒಂದು ಪ್ರಯೋಗ ಮಾಡಿದ್ದರು. ಕೆಲವು ಮಾತು ನಿಜವಾಗಿ ಹೇಳಿದ್ದು, ಕೆಲವು ವ್ಯಂಗ್ಯವಾಗಿ. ಇಮೇಲ್‌ನಲ್ಲಿ ಬರೆದವರು ಓದುವವರಿಗೆ ಯಾವುದು ಯಾವುದು ಅಂತ 78 ಪ್ರತಿಶತ ಸಲ ಗೊತ್ತಾಗುತ್ತದೆ ಅಂದುಕೊಂಡಿದ್ದರು. ಗೊತ್ತಾಗಿದ್ದು 56 ಪ್ರತಿಶತ, ಕಣ್ಣು ಮುಚ್ಚಿ ಊಹೆ ಮಾಡಿದ್ದಕ್ಕಿಂತ ಸ್ವಲ್ಪ ಮೇಲೆ. ಅದೇ ಮಾತನ್ನು ದನಿಯಲ್ಲಿ ಕೇಳಿದಾಗ 73 ಆಯಿತು. ಬರೆಯುವಾಗ ನಮ್ಮ ಕಿವಿಗೆ ನಮ್ಮ ದನಿ ಕೇಳಿಸುತ್ತಾ ಇರುತ್ತದೆ, ಓದುವವರಿಗೆ ಅದು ಹೋಗಿರುವುದಿಲ್ಲ. ಮೊಣಕಾಲಿನ ಪ್ರಶ್ನೆಗೆ ದನಿ ಬೇಕಿರಲಿಲ್ಲ. ಇದಕ್ಕೆ ಬೇಕು. ಅದೂ ಅಲ್ಲದೆ, ಬೇಡ ಅಂತ ಹೇಳುವುದಾದರೆ ಅದನ್ನು ಅವನು ಬರೆಯುತ್ತಾ ಅಳಿಸುತ್ತಾ ಒಬ್ಬನೇ ಒದ್ದಾಡಬಾರದು, ನಾನೂ ಟಿಕ್ ನೋಡುತ್ತಾ ಕೂರಬಾರದು. ಎದುರಿಗಿದ್ದರೆ ನಾನು ಅಲ್ಲೇ "ಪರವಾಗಿಲ್ಲ" ಅನ್ನಬಹುದು, ಅವನಿಗೆ ನನ್ನ ಮುಖ ನೋಡಿ ಅದು ನಿಜ ಅಂತ ತಿಳಿಯುತ್ತದೆ.

ನಿನ್ನೆ ಅವನಿಗೆ ಒಂದು ಮೆಸೇಜ್ ಮಾಡಿದೆ. ಭಾನುವಾರ ಓಟ ಆದ ಮೇಲೆ ಒಂದರ್ಧ ಗಂಟೆ ಇರ್ತೀಯಾ, ಮಾತಾಡಬೇಕು ಅಂತ. ನೋಟ್ಸ್‌ನಲ್ಲಿ ಬರೆಯಲಿಲ್ಲ, ಎರಡನೆಯ ಸಲ ಓದಲೂ ಇಲ್ಲ. "ಇರ್ತೀನಿ." ಅಂತ ಬಂದಿದೆ.